ಷಡ್ಡಕರ ಸಿಲತ್ ಸಿದ್ಧಾಂತ

ನಮ್ಮ ಕಾರಿನ ಡಿಕ್ಕಿ ತೆರೆದರೆ ಸಾಕು, ಮಜ್ಜಿಗೆಹುಲ್ಲಿನ ಎಣ್ಣೆಯ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯುತ್ತದೆ. ಮಗಳು ನಿಧಿಯ ಚೀಲದಲ್ಲಿ ಆ ಎಣ್ಣೆಯ ಶೀಶೆಯೊಂದು ಯಾವಾಗಲೂ ಸೋರುತ್ತಲೇ ಇರುತ್ತದೆ. ಉಳುಕಿದ ಪಾದಕ್ಕೆ, ತರಚಿದ ಮೊಣಕೈಗೆ, ಎಲ್ಲದಕ್ಕೂ ಅದೇ ಮದ್ದು. ಮೊನ್ನೆ ಇಲ್ಲಿ ಸಿಡ್ನಿಯಲ್ಲಿ ನಮ್ಮವರ ಅಂಗಡಿಗಳಿರುವ ಪೆಂಡಲ್ ಹಿಲ್‌ನಿಂದ ಅಕ್ಕಿ, ತೊಗರಿಬೇಳೆ ತಂದು ಅದೇ ಡಿಕ್ಕಿಯಲ್ಲಿಟ್ಟೆ. "ಇದೇನ್ರೀ, ಸಾರು ಊಟ ಮಾಡ್ತಿದೀವೋ, ಮೈಗೆ ಹಚ್ಕೋತಿದೀವೋ?" ಎಂದು ನನ್ನ ಹೆಂಡತಿ ಸುಧಾ ತಟ್ಟೆ ದೂಡಿದಳು. ನನಗೆ ಸಾರಿನ ಚಿಂತೆಯಿಲ್ಲ. ಆ ವಾಸನೆ ಬಂದಾಗಲೆಲ್ಲ ನನ್ನ ಷಡ್ಡಕ ಶಿವಾನಂದರ ನೆನಪಾಗುತ್ತದಲ್ಲ, ಅದು ಕಷ್ಟ. ಪಿತ್ತ ನೆತ್ತಿಗೇರುತ್ತದೆ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ನಾವು ಆರಿಸಿಕೊಂಡದ್ದಲ್ಲ, ಮದುವೆಯ ಜೊತೆ ಬಂದದ್ದು. ಧಾರವಾಡದವರು, ಮೆಲ್ಬರ್ನಿನಲ್ಲಿದ್ದಾರೆ, ಒಳ್ಳೆಯ ಎಂಜಿನಿಯರು. ಮನಸ್ಸೂ ದೊಡ್ಡದು, ಇಲ್ಲವೆನ್ನುವುದಿಲ್ಲ. ಆದರೆ ಅವರಿಗೊಂದು ಚಾಳಿ. ಜಗತ್ತಿನಲ್ಲಿ ಏನೇ ತೋರಿಸಿ, "ಇದು ನಮ್ದs ರೀ" ಎನ್ನುತ್ತಾರೆ. ಪಾಸ್ತಾ ಕೊಟ್ಟರೆ ನಮ್ಮ ಶ್ಯಾವಿಗೆ. ಪೀಜಾ ಕೊಟ್ಟರೆ ನಮ್ಮ ಊತಪ್ಪ. ಒಮ್ಮೆ ಮಣಿಕಟ್ಟು ನೋವಿಗೆ ಚೀನೀ ವೈದ್ಯರೊಬ್ಬರ ಬಳಿ ಹೋದರು. ಮೈತುಂಬ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗಲೂ ಆ ವೈದ್ಯರಿಗೆ, ಇದನ್ನು ಕಂಡುಹಿಡಿದವರು ನಾವು ಎಂದು ವಿವರಿಸಿದರಂತೆ. ಸೂಜಿ ಇನ್ನೊಬ್ಬನ ಕೈಯಲ್ಲಿರುವಾಗ ಯಾರಾದರೂ ಹಾಗೆ ಮಾತಾಡುತ್ತಾರೆಯೇ, ನೀವೇ ಹೇಳಿ.

ಇಂಥವರ ಕಣ್ಣಿಗೆ ನಿಧಿಯ ಸಿಲತ್ ಬಿತ್ತು.

ಸಿಲತ್ ಎಂದರೆ ಮಲಯ ಸೀಮೆಯ ಕಾಳಗದ ವಿದ್ಯೆ. ನೋಡಿದರೆ ಮೊದಲು ಕುಣಿತವೆನ್ನಿಸುತ್ತದೆ. ಕೈಗಳು ಹೂವಿನ ಹಾಗೆ ಅರಳುತ್ತವೆ, ಮೈ ನಿಧಾನವಾಗಿ ತಗ್ಗುತ್ತದೆ. ಆಹಾ, ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಎದುರಿನವನು ನೆಲದ ಮೇಲಿರುತ್ತಾನೆ. ಹೇಗೆ ಬಿದ್ದ ಎಂದು ಅವನಿಗೂ ತಿಳಿದಿರುವುದಿಲ್ಲ. ನಿಧಿ ಅದಕ್ಕೂ ಮೊದಲು ಭರತನಾಟ್ಯಕ್ಕೆ ಹೋಗಿ ಅತ್ತು ಬಂದಿದ್ದಳು, ಕೀಬೋರ್ಡಿಗೆ ಹೋಗಿ ಅಳದೆ ಬಂದಿದ್ದಳು, ಈಜಿಗೆ ಹೋಗಿ ಜ್ವರ ತಂದುಕೊಂಡಿದ್ದಳು. ಸ್ಕೂಲಿನಲ್ಲಿ ಯಾರೋ ಅವಳನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಕೇಳಿದರೆ "ನಥಿಂಗ್." ಅಂಥ ಹುಡುಗಿ ಟೂಂಗಾಬಿ ಬಡಾವಣೆಯ ಹಾಲ್‌ನಲ್ಲಿ ನಡೆಯುವ ಸಿಲತ್ ಕ್ಲಾಸಿಗೆ ಸೇರಿದ ಮೇಲೆ ತಲೆ ಎತ್ತಿ ನಡೆಯತೊಡಗಿದಳು. ಅಂಗಡಿಯಲ್ಲಿ ಚಿಲ್ಲರೆ ಕೊಡುವವರ ಮುಖ ನೋಡಿ ಮಾತಾಡಿದಳು. ಊಟದ ಹೊತ್ತಿಗೆ ತಾನಾಗಿ ಬಂದು ಕೂತಳು. ನಮಗೆ ಇನ್ನೇನು ಬೇಕು?

ಕಲಿಸುತ್ತಿದ್ದವರು ರೋಸ್ನಾ. ಮಲಕ್ಕಾ ಕಡೆಯವರು, ವಾರವೆಲ್ಲ ಫಿಸಿಯೋಥೆರಪಿಸ್ಟ್ ಕೆಲಸ, ಶನಿವಾರ ಈ ಪಾಠ. ಅವರದೊಂದು ಪದ್ಧತಿ. ಎಲ್ಲೇ ಪ್ರದರ್ಶನವಿರಲಿ, ಕೈ ಎತ್ತುವ ಮೊದಲು ವಿದ್ಯೆ ಕೊಟ್ಟವರ ಹೆಸರು ಹೇಳಬೇಕು. ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿ ನಮಿಸುತ್ತಾರೆ. ತಂದೆಗೆ, ಸುಮಾತ್ರದ ಬೆಟ್ಟಗಳಿಂದ ಸಮುದ್ರ ದಾಟಿ ಬಂದ ಮುತ್ತಜ್ಜನಿಗೆ, ಆ ಮುತ್ತಜ್ಜನಿಗೆ ಗಿಡ್ಡ ಕತ್ತಿ ಹಿಡಿಯಲು ಕಲಿಸಿದ ಬುಗಿಸ್ ಜನಾಂಗದ ನಾವಿಕನಿಗೆ, ತಗ್ಗಿ ನಡೆಯುವ ಹೆಜ್ಜೆ ಕೊಟ್ಟ ಪಕ್ಕದ ದಿನಸಿ ಅಂಗಡಿಯ ಚೀನೀಯನಿಗೆ, ಕೋಲು ತಿರುಗಿಸುವುದನ್ನು ತೋರಿಸಿದ ರಬ್ಬರ್ ತೋಟದ ತಮಿಳನಿಗೆ. ಕೊನೆಯವನ ಹೆಸರು ಮರೆತುಹೋಗಿದೆ. "ಹೆಸರು ತಿಳಿಯದ ಆ ತಮಿಳರಿಗೆ" ಎಂದೇ ಹೇಳಿ ತಲೆ ಬಾಗಿಸುತ್ತಾರೆ. ಇಷ್ಟೆಲ್ಲ ಜನ ಕೂಡಿ ಹೊಲಿದ ಕೌದಿ ಅವರ ಸಿಲತ್. ಅದನ್ನು ಅವರು ಮುಚ್ಚಿಡುವುದಿಲ್ಲ.

ಇದನ್ನು ಶಿವಾನಂದರಿಗೆ ಹೇಳಿದವನು ನಾನೇ, ಫೋನಿನಲ್ಲಿ. "ತಮಿಳಾಂವ ಅಂದ್ರೇನ್ರಿ? ನಮ್ಮ ಕಡಿಯಾಂವನs ಇರಬೇಕು. ಕದಂಬರ ಕಾಲದಾಗ ಬನವಾಸಿಯಿಂದ ಹಡಗ ಹೋಗ್ತಿದ್ವು" ಎಂದರು. ಬನವಾಸಿಯಲ್ಲಿ ಸಮುದ್ರ ಎಲ್ಲಿದೆ ಸ್ವಾಮಿ ಎಂದು ಕೇಳಿದೆ. "ಅದು ಡೀಟೇಲು" ಎಂದರು. ಮಾತು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದದ್ದು ನನ್ನ ದಡ್ಡತನ. ಮರುವಾರವೇ, ಮೆಲ್ಬರ್ನಿನ ಕನ್ನಡಿಗರ ರಾಜ್ಯೋತ್ಸವದಲ್ಲಿ ಸಿಲತ್ ಕಾರ್ಯಕ್ರಮ ಇಟ್ಟದ್ದಾಗಿ ಸುದ್ದಿ ಬಂತು. ನಿರೂಪಣೆ ಅವರದೇ.

ರೋಸ್ನಾ ಸಂತೋಷದಿಂದ ಒಪ್ಪಿದರು. ಮಕ್ಕಳನ್ನು ಕರೆದುಕೊಂಡು ಸಿಡ್ನಿಯಿಂದ ಅಷ್ಟು ದೂರ ಕಾರು ಓಡಿಸಿದರು. ಶಿವಾನಂದರ ಮನೆಯಲ್ಲಿ ಜೋಳದ ರೊಟ್ಟಿ, ಎಣಗಾಯಿ ಉಂಡು, ಅವರಲ್ಲಿ ಒಂದೇ ಮಾತು ಕೇಳಿಕೊಂಡರು: ಶುರುವಿಗೆ ಹೆಸರುಗಳನ್ನು ಹೇಳಲು ಸ್ವಲ್ಪ ಸಮಯ ಕೊಡಿ. "ಅದಕ್ಕೇನು, ಶುವರ್ ಶುವರ್" ಎಂದರು ನಮ್ಮ ಷಡ್ಡಕರು.

ಮುಂದಿನ ಕರ್ಮಕಾಂಡ ಕೇಳಿ. ಮುಖ್ಯ ಅತಿಥಿಗಳ ಭಾಷಣ ಮುಗಿಯಲೇ ಇಲ್ಲ, ಕಾರ್ಯಕ್ರಮ ತಡವಾಯಿತು, ಊಟದ ಕಡೆಯಿಂದ ಬಿಸಿಬೇಳೆಬಾತಿನ ವಾಸನೆ ಬಂದು ಜನ ಕೂತಲ್ಲೇ ಕೊಸರಾಡತೊಡಗಿದರು. ರೋಸ್ನಾ ವೇದಿಕೆಯ ಮೇಲೆ ಕಣ್ಣು ಮುಚ್ಚಿ, ಕೈ ಜೋಡಿಸಿ, ಇನ್ನೇನು ಬಾಯಿ ತೆರೆಯಬೇಕು, ಶಿವಾನಂದರು ಮೈಕು ಹಿಡಿದು ನಡುವೆ ಬಂದರು. "ಟೈಮ್ ಭಾಳ ಆಗೇದ. ಇವರ ಪರವಾಗಿ ನಾನs ಎರಡು ಮಾತು ಹೇಳಿಬಿಡ್ತೀನಿ" ಎಂದು ಶುರು ಮಾಡಿದರು. ಕದಂಬರು ಬಂದರು, ಹಡಗು ಬಂತು. ನಾನು ಕೆಳಗಿನಿಂದ ಕೈಸನ್ನೆ ಮಾಡಿದರೆ, ಚಪ್ಪಾಳೆಯೆಂದು ತಿಳಿದು ನನ್ನತ್ತ ನಮಸ್ಕಾರ ಮಾಡಿದರು. ಕೊನೆಗೆ ಇಂಗ್ಲಿಷಿನಲ್ಲಿ, "ಈ ವಿದ್ಯೆ ನಮ್ಮದು. ಇಷ್ಟು ಶತಮಾನ ಇವರು ಜೋಪಾನ ಮಾಡಿದ್ದಾರೆ, ಅದಕ್ಕಾಗಿ ಇವರಿಗೆ ಥ್ಯಾಂಕ್ಸ್" ಎಂದುಬಿಟ್ಟರು. ಸಭೆ ಶಿಳ್ಳೆ ಹೊಡೆಯಿತು. ಡೋಲಿನ ರೆಕಾರ್ಡಿಂಗು ಶುರುವಾಯಿತು.

ರೋಸ್ನಾ ಕಣ್ಣು ತೆರೆದರು. ಜೋಡಿಸಿದ ಕೈ ಇಳಿಸಿ ಮಕ್ಕಳತ್ತ ತಿರುಗಿ ಏನೋ ಅಂದರು. ಮಕ್ಕಳು ಸಾಲಾಗಿ ಮೆಟ್ಟಿಲಿಳಿದು ಹೊರಟರು, ನಿಧಿ ಕೊನೆಯಲ್ಲಿ. ಖಾಲಿ ವೇದಿಕೆಯ ಮೇಲೆ ಡೋಲು ಬಡಿಯುತ್ತಲೇ ಇತ್ತು. "ಆರ್ಟಿಸ್ಟ್ ಅಂದಮ್ಯಾಲೆ ಮೂಡ್ ಇರ್ತದ್ರಿ" ಎಂದ ಶಿವಾನಂದರು ಮುಂದಿನ ಗುಂಪು ನೃತ್ಯವನ್ನು ಕರೆದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ಶನಿವಾರ ನಿಧಿಯನ್ನು ಕ್ಲಾಸಿಗೆ ಬಿಡಲು ಹೋದರೆ ರೋಸ್ನಾ ಹೊರಗೇ ನಿಂತಿದ್ದರು. ಆ ಬೇಸಿಗೆಯಲ್ಲಿ ನಿಧಿಯನ್ನು ವಿಧಿಪೂರ್ವಕವಾಗಿ ಶಿಷ್ಯೆಯೆಂದು ಸೇರಿಸಿಕೊಳ್ಳುವುದಿತ್ತು. ಹುಡುಗಿ ತಿಂಗಳುಗಟ್ಟಲೆ ಅದೇ ಧ್ಯಾನದಲ್ಲಿದ್ದಳು. "ಮಗುವಿನ ಮೇಲೆ ನನಗೆ ಸಿಟ್ಟಿಲ್ಲ" ಎಂದರು ರೋಸ್ನಾ ತಮ್ಮ ಮೆತ್ತನೆಯ ಇಂಗ್ಲಿಷಿನಲ್ಲಿ. "ಆದರೆ ನನ್ನ ಅಪ್ಪನ ಹೆಸರನ್ನು ಕತ್ತರಿಸಿದ ಮನೆಯ ಹೆಸರನ್ನು ಅವರ ಸಾಲಿಗೆ ಹೇಗೆ ಸೇರಿಸಲಿ? ಕತ್ತರಿಸಿದವರೇ ಬಂದು ಸರಿಮಾಡಲಿ. ಅಲ್ಲಿಯವರೆಗೆ ಬೇಡ." ನಿಜ ಹೇಳುತ್ತೇನೆ, ನನಗೆ ಅವರ ಮೇಲೂ ರೇಗಿತು. ಅವರು ಹಟಮಾರಿ, ನಮ್ಮ ಷಡ್ಡಕರು ಮಹಾ ಹಟಮಾರಿ, ನಡುವೆ ನಮ್ಮ ಹುಡುಗಿ. ನಿಧಿ ಕಾರಿನಲ್ಲಿ "ಯು ಗೈಸ್ ಆಲ್ವೇಸ್ ಡೂ ದಿಸ್" ಎಂದಳು. ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಮತ್ತೆ ಅದೇ "ನಥಿಂಗ್" ಶುರುವಾಯಿತು. ಸುಧಾ ಅಡುಗೆಮನೆಯಲ್ಲಿ ನನಗೆ ಕಾಣದ ಹಾಗೆ ಕಣ್ಣೊರೆಸಿಕೊಂಡಳು.

ಮೆಲ್ಬರ್ನಿಗೆ ಫೋನ್ ಮಾಡಿ, "ಒಂದು ಸಾರಿ ಹೇಳಿ, ಮುಗಿದುಹೋಗುತ್ತೆ" ಎಂದು ಗೋಗರೆದೆ.

"ಖರೇ ಹೇಳಿದ್ದಕ್ಕ ಸಾರಿ ಅನಬೇಕೇನ್ರಿ? ನಾನs ಬರ್ತೀನಿ. ಪುರಾವಾ ತೋರಸ್ತೀನಿ."

ಬಂದರು. ಲ್ಯಾಪ್‌ಟಾಪಿನ ತುಂಬ ದೇವಸ್ಥಾನಗಳ ಶಿಲ್ಪದ ಫೋಟೋ. ನನ್ನ ತಲೆ ಚಿಟ್ಟು ಹಿಡಿಯಿತು. ಹಾಲ್‌ಗೆ ಹೊರಡುವ ಮೊದಲು, ಗುರುಗಳ ಹತ್ತಿರ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ ಎಂದು ಹಟ ಹಿಡಿದು ಪೆಂಡಲ್ ಹಿಲ್‌ನಲ್ಲಿ ಕಾರು ನಿಲ್ಲಿಸಿದರು. ವೀಳ್ಯದೆಲೆ, ಅಡಿಕೆ ತಂದು ಸುಧಾಳ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿದರು. "ಜಗಳಕ್ಕೆ ಹೋಗೋರು ಯಾರಾದ್ರೂ ತಾಂಬೂಲ ತಗೊಂಡ್ ಹೋಗ್ತಾರಾ ಭಾವ?" ಎಂದಳು ಸುಧಾ. "ಜಗಳ ಅಲ್ಲವ್ವಾ, ಚರ್ಚಾ. ಚರ್ಚಾಕ್ಕ ಮರ್ಯಾದಿ ಇರಬೇಕು" ಎಂದರು. ಬರುವುದಿಲ್ಲ ಎಂದ ನಿಧಿಯನ್ನು ಹೇಗೋ ಹೊರಡಿಸಿದೆವು.

ಹಾಲ್‌ನಲ್ಲಿ ಮಕ್ಕಳು ಇನ್ನೂ ಬಂದಿರಲಿಲ್ಲ. ಶಿವಾನಂದರು ಚಪ್ಪಲಿ ಬಿಟ್ಟು ಒಳಹೋಗಿ, ತಟ್ಟೆಯನ್ನು ಎರಡೂ ಕೈಯಲ್ಲಿ ರೋಸ್ನಾರ ಮುಂದೆ ನೆಲದ ಮೇಲಿಟ್ಟು ಕುಳಿತರು. ರೋಸ್ನಾ ತಟ್ಟೆ ನೋಡಿದರು. ಅವರ ಮುಖವೇ ಬದಲಾಯಿತು. ನಿಧಾನವಾಗಿ ಅವರೂ ಎದುರಿಗೆ ಕುಳಿತರು.

"ನಮ್ಮ ಕಡೆ ತಪ್ಪೊಪ್ಪಿಕೊಳ್ಳಲು ಬರುವವರು ವೀಳ್ಯ ತರುತ್ತಾರೆ. ನಿಮ್ಮಲ್ಲೂ ಹೀಗೇ ಅಂತ ನನಗೆ ಗೊತ್ತಿರಲಿಲ್ಲ. ನೀವು ಬಂದದ್ದು ದೊಡ್ಡದು" ಎಂದರು.

ಈ ಮನುಷ್ಯ ಬಂದಿರುವುದು ವಾದಕ್ಕೆ. ಲ್ಯಾಪ್‌ಟಾಪು ಕಂಕುಳಲ್ಲಿದೆ. ಬಾಯಿ ಆಗಲೇ ಅರ್ಧ ತೆರೆದಿದೆ. ಬಾಗಿಲ ಬಳಿ ನಿಧಿ ನಿಂತಿದ್ದಾಳೆ. ದೇವರೇ, ಈ ಒಂದು ಸಲ ಇವರ ಬಾಯಿ ಮುಚ್ಚಿಸು ಎಂದು ನಾನು ಬೇಡಿಕೊಂಡೆ.

ರೋಸ್ನಾ ಒಂದು ಎಲೆ ಕೈಗೆತ್ತಿಕೊಂಡು ಕೇಳಿದರು. "ನೀವೂ ಏನಾದರೂ ಕಲಿತಿರಬೇಕು. ಕೂರುವುದನ್ನು ನೋಡಿದರೆ ತಿಳಿಯುತ್ತದೆ. ನಿಮಗೆ ಕಲಿಸಿದವರು ಯಾರು?"

"ಕುಸ್ತಿ" ಎಂದರು ಶಿವಾನಂದರು. ಅದು ನನಗೂ ಗೊತ್ತಿರಲಿಲ್ಲ. "ಸಣ್ಣವ ಇದ್ದಾಗ, ಧಾರವಾಡದ ಗರಡಿಮನ್ಯಾಗ."

"ಹೆಸರು?"

"ದಸ್ತಗೀರ್ ಉಸ್ತಾದ." ದನಿ ಸ್ವಲ್ಪ ಇಳಿಯಿತು.

"ಅವರಿಗೆ?"

"ಕೊಲ್ಹಾಪುರದ ಪೈಲವಾನ ಒಬ್ಬರು. ಮರಾಠಿಯವರು. ಅವರಿಗೆ ಕಲಿಸಿದಾಂವ ಪಂಜಾಬದ ಕಡಿಯಿಂದ ಬಂದಿದ್ದ ಅಂತ ಉಸ್ತಾದ ಹೇಳ್ತಿದ್ರು. ಅವನ ಹೆಸರು…" ಅಲ್ಲಿಗೆ ನಿಂತರು. "ಅವನ ಹೆಸರು ನನಗ ಗೊತ್ತಿಲ್ಲ."

ಶಿವಾನಂದರು ಲ್ಯಾಪ್‌ಟಾಪನ್ನು ಕಂಕುಳಿಂದ ತೆಗೆದು ಪಕ್ಕಕ್ಕೆ ಸರಿಸಿದರು. "ಉಸ್ತಾದರ ಹೆಸರು ಬಾಯಾಗ ತಗೊಂಡು ಎಷ್ಟು ವರ್ಷ ಆತೋ" ಎಂದು ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದರು. "ಕಲಿತದ್ದು ಅವರ ಹತ್ರ. ಎಲ್ಲಾ ಕಡೆ ನಮ್ದು ನಮ್ದು ಅಂತ ಹೇಳಿಕೋತ ಅಡ್ಡಾಡಿದೆ." ಕಣ್ಣು ತುಂಬಿತ್ತು. ಆಮೇಲೆ ರೋಸ್ನಾರ ಕಡೆ ತಿರುಗಿ, ನಾನು ಅವರ ಬಾಯಿಂದ ಎಂದೂ ಕೇಳದ ಪದ ಹೇಳಿದರು. "ಸಾರಿ." ರೋಸ್ನಾರ ತಂದೆಯ ಹೆಸರು ಕೇಳಿದರು. ಮುತ್ತಜ್ಜನದು ಕೇಳಿದರು. ಕೊನೆಗೆ ಆ ಹೆಸರಿಲ್ಲದ ತಮಿಳನವರೆಗೂ ಹೇಳಿಸಿಕೊಂಡು, ತಾವೂ ಒಂದೊಂದಾಗಿ ಹೇಳಿದರು. ರೋಸ್ನಾ ಬಾಗಿಲತ್ತ ನೋಡಿ, "ನಿಧಿ, ಬಟ್ಟೆ ಬದಲಿಸಿಕೊಂಡು ಬಾ" ಎಂದರು. ಹುಡುಗಿ ಓಡಿದ ಓಟ ನೀವು ನೋಡಬೇಕಿತ್ತು. ನನಗೆ ಅಳು ಬಂತು, ನಾಚಿಕೆಯೇನಿಲ್ಲ.

ಇಲ್ಲಿಗೆ ಸುಖಾಂತ್ಯ ಎಂದುಕೊಂಡಿರಾ? ಶಿವಾನಂದರನ್ನು ನೀವಿನ್ನೂ ಅರಿತಿಲ್ಲ. ಮೆಲ್ಬರ್ನಿಗೆ ಮರಳಿದವರು ಏನೇನೋ ಓದಿ, ವೀಳ್ಯದೆಲೆ, ಅಡಿಕೆಯೂ ಆ ದ್ವೀಪಗಳ ಕಡೆಯಿಂದಲೇ ನಮ್ಮಲ್ಲಿಗೆ ಬಂದದ್ದಂತೆ ಎಂದು ಕಂಡುಕೊಂಡರು. ಅಲ್ಲಿಂದ ಹೊಸ ರೋಗ ಹತ್ತಿತು. ಈಗ ಯಾವುದೂ ಯಾರದೂ ಅಲ್ಲ. ಮೆಣಸಿನಕಾಯಿ ನಮ್ಮದಲ್ಲ, ಆಲೂಗಡ್ಡೆ ನಮ್ಮದಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಯಲ್ಲಿರುವ ಒಂದೊಂದರ ಮೂಲವನ್ನೂ ಕಿತ್ತು ಹರಡುತ್ತಾರೆ. ಹಳೆಯ ರೋಗವೇ ವಾಸಿಯಿತ್ತು ಎಂದು ಅವರ ಹೆಂಡತಿ ಅತ್ತುಕೊಳ್ಳುತ್ತಾರೆ.

ನೆನ್ನೆ ನಾನು ಮೈಸೂರುಪಾಕ್ ಮಾಡುತ್ತಿದ್ದೆ. ಅಡುಗೆಯಲ್ಲಿ ನನಗೆ ಬರುವುದು ಅದೊಂದೇ, ಆದರೆ ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಅವರ ಫೋನ್ ಬಂತು, ಸ್ಪೀಕರಿಗೆ ಹಾಕಿದೆ. ಏನು ಮಾಡುತ್ತಿದ್ದೀರಿ ಎಂದರು, ಹೇಳಿದೆ.

"ಅದೂ ಬೆರಕೀನs ರೀ. ಮೈಸೂರಿಂದು ಅಂತ ಏನೈತಿ ಅದರಾಗ?"

ನನಗೆಲ್ಲಿತ್ತೋ ಸಿಟ್ಟು, ಸೌಟು ಎತ್ತಿ ಕೂಗಿದೆ. "ಸುಮ್ನಿರಿ ಸ್ವಾಮಿ! ಇದು ನಮ್ಮದು! ನಮ್ಮೂರಿಂದು! ಬೇರೆ ಏನ್ ಬೇಕಾದ್ರೂ ಕೊಟ್ಬಿಡ್ತೀನಿ, ಇದನ್ನ ಮುಟ್ಟಬೇಡಿ!"

ಕ್ಲಾಸಿಗೆ ಹೊರಟಿದ್ದ ನಿಧಿ ಬಾಗಿಲಲ್ಲೇ ನಿಂತಳು. ಈಗ ಅವಳೇ ಸಣ್ಣ ಮಕ್ಕಳಿಗೆ ಕಲಿಸುತ್ತಾಳೆ. "ಅಪ್ಪ, ಹೂ ಟಾಟ್ ಯು?" ಎಂದಳು, ಥೇಟ್ ಕ್ಲಾಸಿನ ದನಿಯಲ್ಲಿ.

"ನನ್ನಮ್ಮ" ಎಂದೆ ಗರ್ವದಿಂದ.

"ಆ್ಯಂಡ್ ಅಜ್ಜಿಗೆ?"

ಪಾಕ ಕುದಿಯುತ್ತಿತ್ತು. ನಾನು ಸೌಟಾಡಿಸುತ್ತ ನಿಂತೆ. ಅಮ್ಮ ಮದುವೆಯಾಗಿ ಮೈಸೂರಿಗೆ ಬಂದಾಗ ಅನ್ನಕ್ಕೆ ನೀರಿಡಲೂ ಬರುತ್ತಿರಲಿಲ್ಲವಂತೆ. ಕೈಹಿಡಿದು ಹದ ತೋರಿಸಿಕೊಟ್ಟವರು ಪಕ್ಕದ ಮನೆಯವರು. ಕುಂಭಕೋಣದಿಂದ ಬಂದವರು, ಮಕ್ಕಳಿಲ್ಲದವರು. ಹಬ್ಬ ಬಂದರೆ ಮೊದಲ ತುಂಡು ನನ್ನ ಬಾಯಿಗೆ ಹಾಕಿ, ಹೇಗಿದೆ ಎಂದು ಕೇಳಿ ಕಾಯುತ್ತಿದ್ದರು. ಈ ಸಿಡ್ನಿಯಲ್ಲಿ ಎಷ್ಟು ಮನೆಗಳಿಗೆ ನಾನು ಡಬ್ಬಿ ತುಂಬಿಸಿ ಕೊಟ್ಟಿದ್ದೇನೆ. ಒಮ್ಮೆಯೂ ಅವರ ಸುದ್ದಿ ಎತ್ತಿರಲಿಲ್ಲ.

"ಜಯಲಕ್ಷ್ಮಿ ಮಾಮಿ" ಎಂದೆ.

ಫೋನಿನಲ್ಲಿ ಶಿವಾನಂದರು ಇದ್ದಾರೆಂಬುದೇ ಮರೆತುಹೋಗಿತ್ತು. ನಗುತ್ತಾರೆಂದು ಕಾದೆ. ನಗಲಿಲ್ಲ.

"ಕೇಳಿಸಲಿಲ್ಲ" ಎಂದರು ಮೆಲ್ಲಗೆ. "ಆ ತಾಯಿ ಹೆಸರು ಇನ್ನೊಮ್ಮೆ ಹೇಳ್ರಿ."

ಗಟ್ಟಿಯಾಗಿ ಹೇಳಿದೆ.