ಚಾವಣಿಯಿಲ್ಲದ ಇಗರ್ಜಿ

ಹಳೆಯ ಇಗರ್ಜಿ ಎಂದರೆ ಗೋಪುರ, ಗಂಟೆ, ಬಣ್ಣದ ಗಾಜು ಎಂದುಕೊಂಡು ಬಂದವರಿಗೆ ಕುವೈತಿನ ಫೈಲಕಾ ದ್ವೀಪದಲ್ಲಿ ನಿರಾಸೆಯೇ ಗತಿ. ಅಲ್ಲಿರುವುದು ಮೊಣಕಾಲೆತ್ತರದ ಮಣ್ಣಿಟ್ಟಿಗೆಯ ಗೋಡೆಗಳು. ಸಾವಿರ ವರ್ಷಕ್ಕೂ ಹಿಂದೆ ಈ ಮರಳಿನಲ್ಲಿ ಕ್ರೈಸ್ತರು ಬಾಳಿದ್ದರು ಎನ್ನುವುದಕ್ಕೆ ಉಳಿದಿರುವುದು ಇಷ್ಟೇ. ನಾನು ಕಟ್ಟಡದ ಎಂಜಿನಿಯರ್. ಗೋಡೆಯ ಬುಡ ಸಿಕ್ಕರೆ ಸಾಕು, ಮಾತಿನಲ್ಲೇ ಚಾವಣಿಯವರೆಗೂ ಕೊರೆಯುತ್ತೇನೆ. ಈ ಚಾಳಿ ಗೊತ್ತಿದ್ದೇ ಕುವೈತ್ ನಗರದ ಹತ್ತಿರ ಜಾಬ್ರಿಯಾದಲ್ಲಿರುವ ನಮ್ಮ ಎದುರು ಫ್ಲ್ಯಾಟಿನ ನರ್ಸಮ್ಮ ನನ್ನನ್ನು ದೋಣಿ ಹತ್ತಿಸಿದರು.

ಅವರು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಊರಿನ ಇಗರ್ಜಿಯ ಸ್ಮಶಾನದಲ್ಲಿ ಜಾಗ ಸಾಲದೆ ಹಳೆಯ ಗುಂಡಿಗಳನ್ನೇ ತೆರೆದು ಹೊಸಬರನ್ನು ಮಲಗಿಸುತ್ತಾರೆ. ನಾವು ದ್ವೀಪಕ್ಕೆ ಹೋದ ವರ್ಷ ಗಂಡನ ಗುಂಡಿಯ ಸರದಿ. ಇವರಿಗೆ ರಜೆ ಸಿಗಲಿಲ್ಲ. ಮೈದುನ ಕಳಿಸಿದ ಫೋಟೋದಲ್ಲಿ ಅದೇ ಜಾಗ, ಬೇರೆಯವರ ಶಿಲುಬೆ. ನವೆಂಬರ್‌ನಲ್ಲಿ ಮೃತರ ದಿನ ಗೋರಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವುದು ಅವರ ಪದ್ಧತಿ.

"ಇನ್ನು ಹಚ್ಚುವುದೆಲ್ಲಿ? ಎಲ್ಲಾದ್ರೂ ಹೋಗಿ ನಿಲ್ಲಬೇಕಲ್ಲ ಮಾರಾಯ್ರೆ" ಎಂದಿದ್ದರು.

ದ್ವೀಪದಲ್ಲಿ ನಾನು ಶುರುವಿಟ್ಟೆ. ಇದು ಮುಂದಿನ ಪಡಸಾಲೆ, ಇವು ಮೂರು ಅಂಕಣ, ಪೂರ್ವಕ್ಕೆ ಪೀಠ, ಗೋಡೆಗೆ ಗಾರೆಯ ಶಿಲುಬೆ ಇತ್ತಂತೆ. ಮಾತು ನಿಲ್ಲಿಸಿದರೆ ಅವರು ಅತ್ತುಬಿಡುತ್ತಾರೇನೋ ಎಂಬ ಭಯ ನನಗೆ.

ಪೀಠವಿದ್ದ ಕಡೆ ಅವರು ಮೇಣದಬತ್ತಿ ತೆಗೆದರು. ಬೆಂಕಿ ಹಚ್ಚುವಂತಿಲ್ಲ ಎಂದು ಕಾವಲುಗಾರ ಹಿಂದಿಗೆ ಅರಬ್ಬಿ ಬೆರೆಸಿ ಕೂಗುತ್ತ ಓಡಿಬಂದ. "ಆಗ್ ನಹೀ, ಭಾಯಿ. ಮಮ್ನೂ!"

ನನಗೆ ರೇಗಿತು. ಮಣ್ಣಿಗೆ ಬೆಂಕಿ ಹತ್ತುತ್ತದೆಯೇ ಎಂದು ಜಗಳಕ್ಕೆ ನಿಂತೆ.

"ಬಿಡಿ, ಅವನ ಅನ್ನಕ್ಕೆ ಕಲ್ಲು ಹಾಕುವುದು ಬೇಡ" ಎಂದು ಬತ್ತಿಯನ್ನು ಬ್ಯಾಗಿಗೆ ಸೇರಿಸಿದರು. ಬ್ಯಾಗಿನ ಜಿಪ್ ಎಳೆಯುತ್ತ, "ನಿಮ್ಮವರಲ್ಲಿ ಈ ರಗಳೆ ಇಲ್ಲ. ಬೂದಿ ನೀರಿಗೆ ಬಿಟ್ರೆ ಆಯ್ತು" ಎಂದರು.

ಹೌದು, ಬಿಟ್ಟಿದ್ದೆ. ಶ್ರೀರಂಗಪಟ್ಟಣದ ಸಂಗಮದಲ್ಲಿ ಹೆಂಡತಿಯ ಬೂದಿ ಬಿಟ್ಟು, ರಜೆ ಮುಗಿದು ವಿಮಾನ ಹತ್ತಿದ್ದೆ. ಹರಿದುಹೋದ ನೀರಿನ ಹತ್ತಿರ ಏನೆಂದು ನಿಲ್ಲುವುದು? ನನಗೂ ಜಾಗವಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ.

ನನ್ನ ಹೆಂಡತಿಯನ್ನು ಅವರು ನೋಡಿದವರಲ್ಲ. "ಹೆಸರೆಂತ ಅವರದ್ದು?" ಎಂದು ಕೇಳಿದರು. ಹೇಳಿದೆ.

ಅವರು ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಪ್ರಾರ್ಥಿಸತೊಡಗಿದರು. ನನಗೊಂದೂ ತಿಳಿಯಲಿಲ್ಲ. ನಡುವೆ ಅವರ ಗಂಡನ ಹೆಸರು ಬಂತು, ಅದರ ಬೆನ್ನಿಗೇ ನನ್ನವಳದು. ಅವಳ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ. ಅಲ್ಲೇ ಮರಳಿನ ಮೇಲೆ ಕೂತು ಅತ್ತುಬಿಟ್ಟೆ.