ಕರಿ ಪರದೆಯ ಮೇಷ್ಟ್ರು ಮತ್ತು ಅವ್ವನ ನೀರಿನ ಹಾಡು

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಆ ಬೆರಳನ್ನೇ ಎತ್ತಿ, ಗಾಳಿಯಲ್ಲಿ ಒಂದು ಗಳಿಗೆ ನಿಲ್ಲಿಸಿ, ಕಂಪ್ಯೂಟರಿನ ಎಂಟರ್ ಗುಂಡಿಯ ಮೇಲೆ ಟಪ್ ಎಂದು ಕುಟ್ಟುತ್ತಿದ್ದರು ನಮ್ಮ ಎದುರುಮನೆ ಮೇಷ್ಟ್ರು. ಸದ್ದು ಬೀದಿ ದಾಟಿ ನನ್ನ ಹೊಲಿಗೆ ಮಿಷನ್ನಿನವರೆಗೂ ಬರುತ್ತಿತ್ತು. "ಮೇಷ್ಟ್ರು ಇವತ್ತು ಯಾರ್ಗೋ ಬಾರಿಸ್ತಾವ್ರೆ ಕಣೆ" ಎಂದು ಅವ್ವ ನಗುತ್ತಿದ್ದಳು.

ಮಧುಗಿರಿಯ ಅರ್ಧ ಊರಿಗೆ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರಿಗೆ ಹಾಡಿನ ಹುಚ್ಚು ಯಾಕೆ ಹತ್ತಿತೋ ದೇವರಿಗೇ ಗೊತ್ತು. ಶಿರಾ, ಕೊರಟಗೆರೆ, ಪಾವಗಡ ಅಂತ ಸಿಕ್ಕ ಬಸ್ಸು ಹತ್ತಿ, ಹಳ್ಳಿಯ ಮುದುಕಿಯರನ್ನು ಕಾಡಿಬೇಡಿ ಹಾಡಿಸಿ, ಮೊಬೈಲಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಅದನ್ನು ಕೇಳಿ ಕೇಳಿ ಟೈಪ್ ಮಾಡುವ ಕರ್ಮ ನನ್ನದು. ರವಿಕೆ ಗಿರಾಕಿಗಳಿಗೆ ನಾಳೆ ಬನ್ನಿ ಅಂತ ಸುಳ್ಳು ಹೇಳಿ, ಮೇಷ್ಟ್ರನ್ನು ಬೈಯುತ್ತಲೇ ಹೋಗಿ ಕೂರುತ್ತಿದ್ದೆ.

ಅವರ ಕಂಪ್ಯೂಟರಿನಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಕರಿ ಪರದೆ, ಬಿಳಿ ಅಕ್ಷರ. ಏನು ಬೇಕಿದ್ದರೂ ಒಂದು ಸಾಲಿನ ಆಜ್ಞೆ ಬರೆದು ಎಂಟರ್ ಕುಟ್ಟಬೇಕು. ಅದರಲ್ಲಿ ಅವರಿಗೆ ಪ್ರಾಣವಾದ ಆಜ್ಞೆಯೊಂದಿತ್ತು. ಒಂದು ಹಾಡು ಕೊಟ್ಟರೆ ಸಾಕು, ಉಳಿದವುಗಳ ಪಕ್ಕ ಇಟ್ಟು ನೋಡಿ, ಅಕ್ಷರಕ್ಕೆ ಅಕ್ಷರ ಕೂಡದಿದ್ದರೂ ಯಾವುದು ಎಷ್ಟು ಹತ್ತಿರ ಅಂತ ನೂರಕ್ಕೆ ಇಷ್ಟು ಅಂಕ ಹಾಕಿಕೊಡುತ್ತಿತ್ತು. ಮೇಷ್ಟ್ರಲ್ಲವೇ, ಅಂಕ ಕಂಡರೆ ಹಬ್ಬ. ಹಾಗಂತ ನಂಬುತ್ತಿರಲಿಲ್ಲ. "ಹತ್ರ ಅಂದ್ರೆ ಅದೇ ಅಂತಲ್ಲ ಕಣಮ್ಮ. ಹೋಗಿ ನೋಡ್ಬೇಕು" ಅಂತ ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಒಮ್ಮೆ ಶಿರಾದ ತಾವರೆಕೆರೆಯ ಅಜ್ಜಿಯದೂ ಕೊರಟಗೆರೆಯ ಅಜ್ಜಿಯದೂ ಹಾಡು ಹೆಚ್ಚುಕಡಿಮೆ ಒಂದೇ ಎಂದು ಪರದೆ ಹೇಳಿತು. ಇಬ್ಬರೂ ಒಂದೇ ಬಳ್ಳಿಯವರಿರಬೇಕೆಂದು ಕುಣಿಯುತ್ತಾ ಹೋದರು. ಸಂಜೆ ಮುಖ ಇಷ್ಟುದ್ದ ಮಾಡಿಕೊಂಡು ಬಂದರು. ಇಬ್ಬರೂ ಅದನ್ನು ಕಲಿತದ್ದು ರೇಡಿಯೋದಿಂದ! ನಾನು ಎರಡು ದಿನ ನಕ್ಕೆ.

ಆಮೇಲೊಂದು ಮಧ್ಯಾಹ್ನ ಅವ್ವ ಅವರ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಗುನುಗುತ್ತಿದ್ದಳು:

"ಹೊಂಗೆಯ ಹೂವು ಹಾದೀಲಿ ಚೆಲ್ಲೈತೆ
ಬಿಂದಿಗೆ ತಾರೆ ಗಂಗಿ, ನೀರಿಗೆ ಹೋಗಾನ"

ಅದು ರೇಡಿಯೋದ್ದಲ್ಲ. ತೋವಿನಕೆರೆ ಕಡೆಯ ತವರಿನಲ್ಲಿ ಅವ್ವ ಮತ್ತು ಅವಳ ಗೆಳತಿ ಗಂಗಿ ನೀರು ಹೊರುತ್ತಾ ತಾವೇ ಕಟ್ಟಿಕೊಂಡದ್ದು. ಗಂಗಿ ಮದುವೆಯಾಗಿ ಆಂಧ್ರದ ಗಡಿ ಕಡೆ ಹೋದಳು. ಅವಳ ತವರಿನವರೂ ಊರು ಬಿಟ್ಟರು. ಆ ಕಡೆಯಿಂದ ಬಂದ ಬಳೆಗಾರರು, ನೆಂಟರು, ಯಾರು ಸಿಕ್ಕರೂ ಅವ್ವ ಗಂಗಿಯನ್ನು ಕೇಳದೆ ಬಿಟ್ಟವಳಲ್ಲ. ಗಂಗಮ್ಮ ಎಂಬ ಹೆಸರಿನ ಯಾರೂ ಅವಳ ಗಂಗಿಯಾಗಲಿಲ್ಲ.

ಮೇಷ್ಟ್ರು ಹಾಡನ್ನು ನನ್ನಿಂದ ಟೈಪ್ ಮಾಡಿಸಿದರು. ಟಪ್. ನಾನು ಎದ್ದು ಹೊರಟಿದ್ದೆ. "ಇಲ್ಲಿ ಬಾಮ್ಮ" ಎಂದು ಮೆಲ್ಲಗೆ ಕರೆದರು. ಪಾವಗಡದಾಚೆಯ ಹಳ್ಳಿಯೊಂದರ ಸುಬ್ಬಮ್ಮ ಎಂಬವರು ಯಾವತ್ತೋ ಹಾಡಿದ್ದ ಹಾಡು ಪರದೆಯ ಮೇಲಿತ್ತು. ಎಲ್ಲಾ ಅದೇ. ಒಂದೇ ಒಂದು ಮಾತು ಬೇರೆ:

"ಬಿಂದಿಗೆ ತಾರೆ ಕೆಂಚಿ, ನೀರಿಗೆ ಹೋಗಾನ"

ನಮ್ಮವ್ವನ ಹೆಸರು ಕೆಂಚಮ್ಮ. ಜಗುಲಿಯ ಮೇಲಿದ್ದ ಅವ್ವನನ್ನು ಕೂಗಿ ಓದಿ ಹೇಳಿದೆ.

ಅವ್ವ ಹೊರಡಲೇ ಒಲ್ಲಳು. "ಹೋಗ್ಬುಟ್ಟು, ಅವ್ಳಲ್ದೆ ಹೋದ್ರೆ? ಇಷ್ಟು ದಿನ ಎಲ್ಲೋ ಅವ್ಳೆ ಅಂತಾದ್ರೂ ಇದ್ದೆ. ಅದೂ ಹೋಯ್ತದೆ."

"ಅಲ್ದೆ ಹೋದ್ರೆ ಟೀ ಕುಡ್ದು ವಾಪಸ್ ಬರೋಣ ಕಣ್ ಕೆಂಚಮ್ಮ. ಬಸ್ಸೇನು ಓಡೋಗಲ್ಲ" ಎಂದರು ಮೇಷ್ಟ್ರು. ಮಾರನೆಯ ದಿನ ಮೂವರೂ ಪಾವಗಡದ ಬಸ್ಸಿನಲ್ಲಿದ್ದೆವು. ದಾರಿಯುದ್ದಕ್ಕೂ ಅವ್ವ ಸೆರಗಿನ ತುದಿ ಹೊಸೆಯುತ್ತಲೇ ಇದ್ದಳು.

ಸುಬ್ಬಮ್ಮ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಅವ್ವ ಬೇಲಿಯಾಚೆಯೇ ನಿಂತು ಮೊದಲ ಸಾಲು ಹಾಡಿದಳು. ಆಕೆ ತಲೆ ಎತ್ತಿದಳು. ಕೈಯ ಮೊರ ಬಿತ್ತು. ಬಾಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ:

"ಏಮೇ ಕೆಂಚೀ! ಇಷ್ಟು ದಿನ ಎಕ್ಕಡೇ ಸತ್ತೋಗಿದ್ದೆ?"

"ನಾನಾ? ನೀನು ಕಣೆ ಹೇಳ್ದೆ ಹೋದೋಳು, ಮುಂಡೇದೆ!"

ಗಂಡನ ಮನೆಯಲ್ಲಿ ಅತ್ತೆಯ ಹೆಸರೂ ಗಂಗಮ್ಮನೇ ಆಗಿತ್ತಂತೆ. ಸೊಸೆಗೆ ಧಾರೆಯ ದಿನವೇ ಸುಬ್ಬಮ್ಮ ಎಂದು ಹೆಸರು ಬದಲಿಸಿದ್ದರು. ಹೆಸರು ಹಿಡಿದು ಹುಡುಕಿದ ಅವ್ವನಿಗೆ ಅವಳು ಹೇಗೆ ಸಿಕ್ಕಾಳು? ಇಬ್ಬರೂ ಅಳುತ್ತಾ ಬೈದಾಡುತ್ತಾ ಕೂತರು. ತಿರುಗಿ ನೋಡಿದರೆ ಮೇಷ್ಟ್ರಿಲ್ಲ. ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಬ್ಬರೇ ಟೀ ಕುಡಿಯುತ್ತಾ, ಸೀಳುಗುರಿನ ಬೆರಳಿನಿಂದ ಕನ್ನಡಕ ಮೇಲೆತ್ತಿ ಕಣ್ಣೊರೆಸುತ್ತಿದ್ದರು. "ಧೂಳು ಕಣಮ್ಮ" ಎಂದರು. ಇಂಥ ಮನುಷ್ಯ.

ಹೋದ ಚಳಿಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಎದುರುಮನೆಯಿಂದ ಸದ್ದು ನಿಂತಿತು. ಮಿಷನ್ ತುಳಿಯುತ್ತಾ ಈಗಲೂ ನನ್ನ ಕಿವಿ ಅತ್ತಲೇ ಇರುತ್ತದೆ. ನನ್ನವ್ವನಿಗೆ ಅವಳ ಹುಡುಗಿತನದ ದಿನಗಳನ್ನು ವಾಪಸು ತಂದುಕೊಟ್ಟವರು ಅವರು. ಅದಕ್ಕೆ ಏನು ಕೊಟ್ಟರೂ ನನ್ನ ಋಣ ತೀರದು.

ತಿಥಿಯ ದಿನ ಅವ್ವನ ಗಂಗಿ ಪಾವಗಡದಿಂದ ಬಂದಳು. ಊಟವಾದ ಮೇಲೆ ಇಬ್ಬರೂ ಅವರ ಜಗುಲಿಯ ಮೇಲೆ ಕೂತು ಹಾಡು ಎತ್ತಿದರು. ಹೆಸರಿನ ಜಾಗ ಬಂದಾಗ ಇಬ್ಬರೂ ತಡೆದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ, ಯಾರು ಹೇಳಿಕೊಟ್ಟರೋ, ಒಂದೇ ದನಿಯಲ್ಲಿ ಹಾಡಿದರು:

"ಬಿಂದಿಗೆ ತನ್ನಿ ಮೇಷ್ಟ್ರೇ, ನೀರಿಗೆ ಹೋಗಾನ."