ಹೆಡ್‌ಮಾಸ್ತರರು ಬರೆದ ವಯಸ್ಸು

ಮೊನ್ನೆ ದೇವದುರ್ಗದಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸಲು ಹೋಗಿದ್ದೆ. ಗುಮಾಸ್ತರು ಕಪಾಟು ತೆರೆದು ದಾಖಲಾತಿ ಪುಸ್ತಕ ಹೊರಗೆಳೆದರು ನೋಡಿ, ಡಾಂಬರ್ ಗುಳಿಗೆಯ ವಾಸನೆ ಗಪ್ಪನೆ ಬಡಿಯಿತು. ಮಗಳು ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಪೋತ್ನಾಳದ ಹತ್ತಿರದ ನಮ್ಮೂರ ಹೆಡ್‌ಮಾಸ್ತರರು ಎದುರಿಗೆ ಬಂದು ನಿಂತಂತಾಯಿತು.

ಆಗ ನಮ್ಮೂರಲ್ಲಿ ಜನನ ಪ್ರಮಾಣಪತ್ರ ಯಾರು ಕೇಳುತ್ತಿದ್ದರು? ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಅಂತ ಲೆಕ್ಕ. ಹುಟ್ಟಿದ ತಾರೀಖು ಎಲ್ಲರಿಗೂ ಜೂನ್ ಒಂದೇ. ಅವ್ವ ಭತ್ತದ ನಾಟಿಗೆ ಹೋಗಬೇಕಿತ್ತು, ನನ್ನನ್ನು ನೋಡಿಕೊಳ್ಳುವವರಿರಲಿಲ್ಲ. "ಯಪ್ಪಾ, ಹೆಂಗರ ಮಾಡಿ ಸೇರಿಸ್ಕೋರಿ" ಎಂದು ಕೈ ಮುಗಿದಳಂತೆ. ನಾನೋ ಹುಟ್ಟಿನಿಂದಲೇ ಉದ್ದ ಕೈಯವನು... ನಾಲ್ಕೂವರೆ ವರ್ಷಕ್ಕೇ ಕಿವಿ ಸಿಕ್ಕಿಬಿಟ್ಟಿತು. ಹೆಡ್‌ಮಾಸ್ತರರು ಕರುಣೆಯಿಂದಲೇ ಒಂದೂವರೆ ವರ್ಷ ಸೇರಿಸಿ ಬರೆದರು.

ಆ ಒಂದೂವರೆ ವರ್ಷ ಮುಂದೆ ನನ್ನ ಕೊರಳಿಗೇ ಬಂತು. ಬೈಕಿನ ವಿಷಯಕ್ಕೆ ಜಗಳವಾಗಿ ಒಬ್ಬನ ತಲೆಗೆ ಕಟ್ಟಿಗೆಯಿಂದ ಹೊಡೆದೆ. ಹೊಡೆದದ್ದು ಖರೆ, ಅದನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಅವನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ, ಪುಣ್ಯಕ್ಕೆ ಬದುಕಿದ. ಶಾಲೆಯ ಕಾಗದದ ಪ್ರಕಾರ ನನಗೆ ಹದಿನೆಂಟು ದಾಟಿತ್ತು. ಹದಿನೇಳೂ ತುಂಬಿಲ್ಲ ಎಂದು ನಾನು ಅತ್ತರೆ ಕೇಳುವವರು ಯಾರು? ದೊಡ್ಡವರ ಜೈಲಿಗೆ ಹಾಕಿದರು, ದೊಡ್ಡವರ ಕೋರ್ಟಿನಲ್ಲಿ ನಿಲ್ಲಿಸಿದರು. ಹತ್ತು ವರ್ಷ ಶಿಕ್ಷೆಯಾದರೂ ಆಗಬಹುದು ಎಂದು ವಕೀಲರು ಹೇಳಿದ ದಿನ ಅವ್ವ ಊಟ ಬಿಟ್ಟಳು.

ಸೀದಾ ಹೆಡ್‌ಮಾಸ್ತರರ ಮನೆಗೆ ಹೋಗಿ, "ನೀವು ಬರದದ್ದರೀ ಯಪ್ಪಾ, ನೀವ ಅಳಸ್ರಿ" ಎಂದು ಹೊಸ್ತಿಲಲ್ಲೇ ಕೂತಳಂತೆ. ಅವರು ಆಗಲೇ ನಿವೃತ್ತರು. ಸುಳ್ಳು ತಾರೀಖು ಬರೆದೆ ಎಂದು ಒಪ್ಪಿಕೊಂಡರೆ ಪಿಂಚಣಿಗೆ ಸಂಚಕಾರ ಬಂದೀತು ಎಂದು ಮನೆಯವರು ತಡೆದರು. "ಅಕಿ ಕೇಳಿದಳಂತ ಅವತ್ತ ಬರದೆ. ಇವತ್ತೂ ಅಕೀನ ಕೇಳಾಕತ್ತಾಳ" ಅಂದರಂತೆ ಅವರು. ಅಷ್ಟೇ ಅಲ್ಲ, ವಾರಗಟ್ಟಲೆ ಮಾನ್ವಿಯ ಆಸ್ಪತ್ರೆಗೆ ಅಲೆದು ಹಳೆಯ ಹೆರಿಗೆ ಪುಸ್ತಕದಲ್ಲಿ ಅವ್ವನ ಹೆಸರು ಹುಡುಕಿಸಿದರು.

ರಾಯಚೂರಿನ ಕೋರ್ಟಿನಲ್ಲಿ ಅವರು ಡಾಂಬರ್ ಗುಳಿಗೆಯ ವಾಸನೆ ಬೀರುವ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಸಾಕ್ಷಿ ಹೇಳಲು ನಿಂತರು. ಯಾವ ಆಧಾರದ ಮೇಲೆ ವಯಸ್ಸು ಬರೆದಿರಿ ಎಂದು ಸರ್ಕಾರಿ ವಕೀಲರು ಕೆಣಕಿದರು. ಹೆಡ್‌ಮಾಸ್ತರರು ಬಲಗೈಯನ್ನು ಬೋಳು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿದು ತೋರಿಸಿದರು. ಕೋರ್ಟೆಲ್ಲ ಗೊಳ್ಳೆಂದಿತು.

"ಹಿಂಗರೀ ಸಾಹೇಬ್ರ. ನಮ್ಮೂರಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಯಾರ" ಎಂದರು. ಆಮೇಲೆ, ಹಿಡಿದ ಕಿವಿ ಬಿಡದೆಯೇ, ದನಿ ತಗ್ಗಿಸಿ, "ಹುಡುಗ ತಪ್ಪು ಮಾಡ್ಯಾನ, ಅದಕ್ಕ ಶಿಕ್ಷಾ ಕೊಡ್ರಿ. ನನ್ನ ತಪ್ಪಿನ ಶಿಕ್ಷಾ ಅವಂಗ ಬ್ಯಾಡ್ರಿ" ಅಂದರು. ಆಮೇಲೆ ಯಾರೂ ನಗಲಿಲ್ಲ.

ಆಸ್ಪತ್ರೆಯ ಪುಸ್ತಕ ನೋಡಿದ ನ್ಯಾಯಾಧೀಶರು ನನ್ನನ್ನು ಬಾಲನ್ಯಾಯ ಮಂಡಳಿಗೆ ಕಳಿಸಿದರು. ಹದಿನಾರು ದಾಟಿದವರ ಅಪರಾಧ ಘೋರವಾದದ್ದಾದರೆ ಅಲ್ಲಿಂದಲೂ ದೊಡ್ಡವರ ವಿಚಾರಣೆಗೆ ಕಳಿಸಬಹುದಂತೆ. ಆದರೆ ಮಂಡಳಿಯವರು ನನ್ನನ್ನು ಕೂರಿಸಿ ಮಾತಾಡಿಸಿ ತಮ್ಮಲ್ಲೇ ಇಟ್ಟುಕೊಂಡರು. ಬಾಲಮಂದಿರದಲ್ಲಿ ವೈರಿಂಗ್ ಕಲಿತೆ. ಬಿಡುಗಡೆಯಾದ ಮೇಲೆ ಏಟು ತಿಂದವನ ಮನೆಗೆ ಹೋದೆ. ಮೊದಲ ಸಲ ಬಾಗಿಲು ಹಾಕಿದ, ಎರಡನೇ ಸಲ ನೀರು ಕೊಟ್ಟ. ಈಗ ಮೋಟಾರ್ ರಿಪೇರಿ ಅಂಗಡಿ, ಹೆಂಡತಿ, ಮಗಳು... ಸುಖವಾಗಿದ್ದೇನೆ ಎನ್ನಲು ಸಂಕೋಚವಿಲ್ಲ. ಹುಡುಗರನ್ನೂ ದೊಡ್ಡವರಂತೆಯೇ ಜೈಲಿಗೆ ತಳ್ಳಿ ಎಂದು ಟಿವಿಯಲ್ಲಿ ಯಾರಾದರೂ ಕೂಗಿದರೆ ಸಿಟ್ಟು ಬರುತ್ತದೆ, ಆರಿಸಿ ಎದ್ದುಬಿಡುತ್ತೇನೆ.

ಪ್ರತಿ ವರ್ಷ ಕಾರ್ತಿಕದಲ್ಲಿ, ಆಸ್ಪತ್ರೆಯ ಪುಸ್ತಕದಲ್ಲಿದ್ದ ತಾರೀಖಿಗೆ, ಹೆಡ್‌ಮಾಸ್ತರರು ಫೋನ್ ಮಾಡುತ್ತಿದ್ದರು. "ಲೇ, ಇವತ್ತು ನಿನ್ನ ಖರೇ ಹುಟ್ಟಿದ ದಿನ. ಹೋಳಿಗಿ ಮಾಡಿಸ್ಕೊಂಡು ತಿನ್ನು." ಕಳೆದ ದಸರೆಯ ಹೊತ್ತಿಗೆ ಅವರು ತೀರಿಕೊಂಡರು. ಮುಂದಿನ ತಿಂಗಳು ಆ ದಿನ ಬಂದಾಗ ಸಂಜೆಯವರೆಗೂ ಫೋನನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ... ಗೊತ್ತಿದ್ದೂ.

ಗುಮಾಸ್ತರು ಪ್ರಮಾಣಪತ್ರ ನೋಡಿ ಮಗಳ ತಾರೀಖು ಬರೆದುಕೊಳ್ಳುತ್ತಿದ್ದಾಗ ನನ್ನ ಫೋನ್ ಸದ್ದು ಮಾಡಿತು. ಬ್ಯಾಂಕಿನವರ ಹುಟ್ಟುಹಬ್ಬದ ಶುಭಾಶಯ; ಅವರ ಲೆಕ್ಕದಲ್ಲಿ ಇನ್ನೂ ಶಾಲೆಯ ತಾರೀಖೇ. ಅವತ್ತು ಜೂನ್ ಒಂದು. ನಾನು ಓದಿ ಹೇಳಿದ್ದಕ್ಕೆ ಮಗಳು ಕಣ್ಣರಳಿಸಿ, "ಅಪ್ಪಾ, ಇವತ್ತ ನೀ ಹುಟ್ಟಿದ್ದಾ?" ಎಂದಳು.

"ಅಲ್ಲವ್ವಾ, ಕಾರ್ತಿಕದಾಗ. ನೆನಪಿಟ್ಗೋ" ಅಂದೆ. "ನಂಗ ನೆನಪು ಮಾಡವ್ರು ಹೋಗ್ಯಾರ."